ಒಪಿನೆಲ್ ನಂಬರ್ 8, ಮಲೆನಾಡಿನ ಮಳೆ, ಒಂದು ಲೋಟ ಚೊಗರು

ಚಾಕು ಮನೆಗೆ ಬಂದದ್ದು ಮೇ ಎರಡನೇ ವಾರ. ತಂಗಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದುತ್ತಿದ್ದಾಳೆ. ರಜೆಗೆ ಬರುವಾಗ ಏನು ತರಲಿ ಅಂತ ಕೇಳಿದಳು. ಒಪಿನೆಲ್ ನಂಬರ್ 8, ಕಾರ್ಬನ್ ಉಕ್ಕಿನದ್ದೇ ಬೇಕು, ಸ್ಟೇನ್‌ಲೆಸ್ ಬೇಡ ಅಂತ ಮೂರು ಸಲ ಹೇಳಿದ್ದೆ. ಚೆಕ್-ಇನ್ ಬ್ಯಾಗಿನಲ್ಲಿ ಸ್ವೆಟರ್ ಒಳಗೆ ಸುತ್ತಿ ತಂದಳು. ನನ್ನ ಕೈಗೆ ಕೊಡಲು ಬಂದಾಗ ಅಮ್ಮ ತಡೆದು ಜಗಲಿಯ ಮೇಲೆ ಇಡಿಸಿದಳು. ನಮ್ಮಲ್ಲಿ ಕತ್ತಿ, ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಆಗುತ್ತದೆ ಅಂತ. ನಾನು ಎತ್ತಿಕೊಂಡ ಮೇಲೆ ತಂಗಿ ಒಂದು ರೂಪಾಯಿ ಕೊಡು ಅಂದಳು. ಫ್ರಾನ್ಸಿನಲ್ಲಿ ಯಾರಾದರೂ ಚಾಕು ಉಡುಗೊರೆ ಕೊಟ್ಟರೆ ತಗೊಂಡವರು ಒಂದು ಚಿಲ್ಲರೆ ಕಾಸು ತಿರುಗಿ ಕೊಡುತ್ತಾರೆ, ಇಲ್ಲದಿದ್ದರೆ ಚಾಕು ಸಂಬಂಧವನ್ನೇ ಕತ್ತರಿಸುತ್ತದೆ ಅನ್ನುವ ನಂಬಿಕೆ ಅಲ್ಲಿದೆ. ಎರಡೂ ಊರಿನ ಶಾಸ್ತ್ರ ಮುಗಿಸಿ, ಚಾಕು ತೆರೆದು ನೋಡಿದೆ.

ಮಡಚುವ ಚಾಕು ಅಂದರೆ ನನಗೆ ಮೊದಲಿಂದಲೂ ಪ್ರೀತಿ. ಅಜ್ಜ ಶಿರಸಿ ಜಾತ್ರೆಯಲ್ಲಿ ಕೊಂಡಿದ್ದ ಕೋಡಿನ ಹಿಡಿಯ ಸಣ್ಣ ಚಾಕು ಈಗಲೂ ನನ್ನ ಹತ್ತಿರ ಇದೆ. ಅದರ ಜೊತೆಗೆ ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಒಂದಿದೆ, ಹಿತ್ತಾಳೆ ತಗಡನ್ನು ಮಡಚಿ ಮಾಡಿದ ಹಿಡಿ ಅದಕ್ಕೆ. ಫ್ರಾನ್ಸಿನ ಥಿಯೇರ್ ಊರಲ್ಲಿ 1929ರಿಂದ ಮಾಡುತ್ತಿರುವ ಡೂಕ್-ಡೂಕ್ ಒಂದಿದೆ. ಇವೆಲ್ಲ ಪೆಟ್ಟಿಗೆಯಲ್ಲಿ ಇಡುವುದಕ್ಕೆ ಅಂತ ತಂದದ್ದಲ್ಲ. ನನ್ನ ಬಳಿ ಇರುವ ಪ್ರತಿ ಚಾಕುವೂ ವರ್ಷಕ್ಕೆ ಒಂದಷ್ಟು ದಿನ ಜೇಬಿನಲ್ಲಿ ಇದ್ದು ತೋಟದ ಕೆಲಸ ಮಾಡಲೇಬೇಕು. ಕೆಲಸಕ್ಕೆ ಹಚ್ಚದೆ ಒಂದು ಚಾಕು ಹೇಗಿದೆ ಅಂತ ಗೊತ್ತಾಗುವುದಿಲ್ಲ.

ಒಪಿನೆಲ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅದರ ಹುಟ್ಟು ನೋಡಿದರೆ ಇದು ನಮ್ಮಂಥವರ ಚಾಕುವೇ. ಆಲ್ಪ್ಸ್ ಬೆಟ್ಟದ ಸವೋಯ್ ಸೀಮೆಯಲ್ಲಿ, ಮೋರಿಯೆನ್ ಕಣಿವೆಯ ಹಳ್ಳಿಯೊಂದರಲ್ಲಿ ಕೊಡಲಿ, ಕುಡುಗೋಲು ಮಾಡುವ ಮನೆತನದ ಹುಡುಗ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ಮಾಡಿದ. ಆಗ ಅವನಿಗೆ ಹದಿನೆಂಟು ವರ್ಷ. ರೈತರ ಜೇಬಿಗೆ, ರೈತರ ಕೈಗೆ ಎಟುಕುವ ಬೆಲೆಗೆ. 1897ರಲ್ಲಿ 1ರಿಂದ 12ರ ತನಕ ಹನ್ನೆರಡು ಅಳತೆ ಬಂದವು. ಅಲಗಿನ ಮೇಲಿನ ಕಿರೀಟ ಹೊತ್ತ ಕೈ ಗುರುತು 1909ರದ್ದು. ಆ ಕೈ ಸೇಂಟ್-ಜಾನ್-ದ-ಮೋರಿಯೆನ್ ಊರಿನ ಲಾಂಛನದಿಂದ ಬಂದದ್ದು, ಕಿರೀಟ ಸವೋಯ್ ಸಂಸ್ಥಾನದ ನೆನಪು. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದ ಹಾಗೆ ತಿರುಗಿಸುವ ಉಕ್ಕಿನ ಬಳೆ ಬಂದದ್ದು 1955ರಲ್ಲಿ. ಅದಕ್ಕೆ ವಿರೋಬ್ಲಾಕ್ ಅಂತ ಹೆಸರು. ಅಲಗು, ಮರದ ಹಿಡಿ, ಹಿಡಿಯ ಬಾಯಿಗೆ ಕೂತ ಲೋಹದ ಪಟ್ಟಿ ಅಂದರೆ ಅಣಸು, ಅಡ್ಡ ಹೊಡೆದ ರಿವಿಟ್, ತಿರುಗುವ ಬಳೆ. ಇಡೀ ಚಾಕು ಈ ಐದೇ ಭಾಗ. ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್, ಬೆನ್ನು ಎರಡು ಮಿಲಿಮೀಟರಿಗೂ ಕಡಿಮೆ ದಪ್ಪ. ಜೇಬಿನಲ್ಲಿ ಇದೆ ಅಂತಲೇ ಅನಿಸುವುದಿಲ್ಲ, ಅಷ್ಟು ಹಗುರ.

ಇಷ್ಟೆಲ್ಲ ಚೆನ್ನಾಗಿದ್ದರೂ ಇದಕ್ಕೆ ಒಂದು ತೊಂದರೆ ಇದೆ. ಹಿಡಿ ಬೀಚ್ ಮರದ್ದು. ಬೀಚ್ ನೀರಿನ ಪಸೆ ಹೀರಿ ಚೆನ್ನಾಗಿ ಹಿಗ್ಗುವ ಮರ. ಹಿಡಿಯ ಸೀಳು ಅಲಗಿನ ಬುಡವನ್ನು ಎರಡೂ ಬದಿಯಿಂದ ಅಪ್ಪಿಕೊಂಡಿರುತ್ತದೆ, ಮರ ಸ್ವಲ್ಪ ಹಿಗ್ಗಿದರೂ ಅಲಗು ಕಚ್ಚಿಕೊಳ್ಳುತ್ತದೆ. ಸವೋಯ್ ಜನ ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ: ಮಡಚಿದ ಚಾಕುವಿನ ಹಿಂಬದಿಯ ಮೂಲೆಯನ್ನು ಮೇಜಿಗೆ ಗಟ್ಟಿಯಾಗಿ ಕುಟ್ಟಿದರೆ ಅಲಗಿನ ತುದಿ ತಾನೇ ಹೊರಗೆ ಬರುತ್ತದೆ. ಅಲ್ಲಿಗೆ ಅದು ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ನಮ್ಮ ಕಡೆಗೆ ಸಾಲದು. ಮೂರು ವರ್ಷದ ಹಿಂದೆ ಒಂದು ನಂಬರ್ 7 ತರಿಸಿದ್ದೆ. ಆ ಜುಲೈಯಲ್ಲಿ ಅದು ಎಷ್ಟು ಕಚ್ಚಿಕೊಂಡಿತೆಂದರೆ ಕುಟ್ಟಿದರೂ ಬರಲಿಲ್ಲ, ಕೊನೆಗೆ ಇಕ್ಕಳ ಹಾಕಿ ಎಳೆದೆ, ಸೀಳಿನ ಅಂಚು ಕಿತ್ತು ಬಂತು. ತುಂಬಾ ಬೇಜಾರಾಗಿತ್ತು. ಹಾಗಾಗಿ ಈ ಸಲ ಮಳೆ ಹಿಡಿಯುವ ಮೊದಲೇ ಚಾಕುವನ್ನು ನಮ್ಮ ಹವೆಗೆ ತಯಾರು ಮಾಡಬೇಕು ಅಂತ ನಿರ್ಧರಿಸಿದ್ದೆ. ಬಿಸಿಲು ಇದ್ದದ್ದು ಇನ್ನು ಮೂರು ವಾರ ಅಷ್ಟೇ.

ಮೊದಲ ಕೆಲಸ ಹೊರಗಿನ ಬಳೆ ತೆಗೆಯುವುದು. ಅದು ಪೂರ್ತಿ ವೃತ್ತ ಅಲ್ಲ, ಒಂದು ಕಡೆ ಬಾಯಿ ಬಿಟ್ಟ ಸ್ಪ್ರಿಂಗ್ ಉಕ್ಕು. ಸರ್ಕ್ಲಿಪ್ ತೆಗೆಯುವ ಇಕ್ಕಳದಿಂದ ಬಾಯಿಯನ್ನು ಅಗಲಿಸಿ ಮೇಲಕ್ಕೆ ಜಾರಿಸಿದರೆ ಬರುತ್ತದೆ. ಅಲಗಿಗೆ ಮೊದಲು ದಪ್ಪ ಬಟ್ಟೆ ಸುತ್ತಿ ದಾರ ಕಟ್ಟಿಕೊಳ್ಳಿ, ಇದು ಬಿಡಬೇಡಿ, ಬಳೆ ಚಂಗನೆ ಜಾರಿದಾಗ ಕೈ ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಜಾಸ್ತಿ ಅಗಲಿಸಿದರೆ ಬಳೆ ಮತ್ತೆ ಬಿಗಿಯಾಗಿ ಕೂರುವುದಿಲ್ಲ, ಅದೂ ನೆನಪಿರಲಿ. ರಿವಿಟ್ ಮುಟ್ಟಲಿಲ್ಲ. ಅದನ್ನು ತೆಗೆದವರು ಹೊಸ ರಿವಿಟ್ ಹೊಡೆಯಬೇಕು, ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ.

ಆಮೇಲೆ ಸೀಳು. ಮರ ಎಲ್ಲಿ ಅಲಗನ್ನು ಹಿಡಿಯುತ್ತಿದೆ ಅಂತ ತಿಳಿಯಲು ಬಡಗಿಗಳು ಕೀಲು ಕೂರಿಸುವಾಗ ಮಾಡುವ ಉಪಾಯವನ್ನೇ ಮಾಡಿದೆ. ಅಲಗಿನ ಬುಡದ ಎರಡೂ ಬದಿಗೆ ಪೆನ್ಸಿಲ್ ಸೀಸವನ್ನು ದಪ್ಪವಾಗಿ ಬಳಿದು ಹತ್ತು ಸಲ ತೆರೆದು ಮುಚ್ಚಿದೆ. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಬಲಬದಿಯ ಮರದಲ್ಲಿ, ರಿವಿಟ್‌ನ ಹತ್ತಿರ ಬೆರಳಗಲದ ಕಪ್ಪು ಮಚ್ಚೆ. ಎಡಬದಿಯಲ್ಲಿ ಬರೀ ಒಂದು ಗೆರೆ. ಅಂದರೆ ಒಂದೇ ಕಡೆ ಬಿಗಿ. ಹಳೆಯ ಹ್ಯಾಕ್ಸಾ ಬ್ಲೇಡಿಗೆ 220 ನಂಬರಿನ ಪಾಲಿಶ್ ಪೇಪರನ್ನು ಒಂದೇ ಸುತ್ತು ಸುತ್ತಿ, ಆ ಮಚ್ಚೆ ಇದ್ದಲ್ಲಿ ಮಾತ್ರ ಉಜ್ಜಿದೆ. ಹತ್ತು ಎಳೆತ, ಮತ್ತೆ ಸೀಸ, ಮತ್ತೆ ನೋಡು. ಇದರಲ್ಲಿ ಅವಸರ ಬೇಡ. ಜಾಸ್ತಿ ತೆಗೆದರೆ ಬೇಸಿಗೆಯಲ್ಲಿ ಅಲಗು ಲೊಡಲೊಡ ಅಲ್ಲಾಡುತ್ತದೆ, ತೆಗೆದ ಮರ ಮತ್ತೆ ಬರುವುದಿಲ್ಲ. ನಾನು ಇಟ್ಟುಕೊಂಡ ಗುರಿ ಹೀಗೆ: ಮೇ ತಿಂಗಳ ಒಣ ಹವೆಯಲ್ಲಿ ಅಲಗು ಅರ್ಧ ತೆರೆದು ಹಿಡಿ ಅಲ್ಲಾಡಿಸಿದರೆ ಮೆಲ್ಲಗೆ ಬೀಳಬೇಕು, ಆದರೆ ಪೂರ್ತಿ ತೆರೆದಾಗ ಎಡಬಲಕ್ಕೆ ಅಲ್ಲಾಡಬಾರದು. ಆರನೇ ಸುತ್ತಿಗೆ ಆ ಹದ ಸಿಕ್ಕಿತು.

ಹಿಡಿಯ ಮೇಲೆ ಕಂಪನಿಯ ವಾರ್ನಿಷ್ ಇತ್ತು. ವಾರ್ನಿಷ್ ಇದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ, ಅದೂ ಅಲ್ಲದೆ ಸೀಳಿನ ಒಳಗೆ ವಾರ್ನಿಷ್ ಇರುವುದೇ ಇಲ್ಲ, ನೀರು ಹೋಗುವುದು ಅಲ್ಲಿಂದಲೇ. 120, 220, 400 ಅಂತ ಮೂರು ಪೇಪರಿನಲ್ಲಿ ಉಜ್ಜಿ ಮರ ಬಿಳುಪಾಗುವ ತನಕ ತೆಗೆದೆ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೆ ಮರದ ನಾರು ಎದ್ದು ನಿಲ್ಲುತ್ತದೆ, ಒಣಗಿಸಿ ಮತ್ತೆ 400ರಲ್ಲಿ ಮೆಲ್ಲಗೆ ಉಜ್ಜಿದರೆ ಆಮೇಲೆ ಬೆವರು ಕೈಯಲ್ಲಿ ಹಿಡಿದರೂ ತರಿ ಏಳುವುದಿಲ್ಲ. ಹಿಂಬದಿಯ ಚೂಪು ಮೂಲೆಯನ್ನು ಸ್ವಲ್ಪ ದುಂಡು ಮಾಡಿದೆ, ಒತ್ತಿ ಕತ್ತರಿಸುವಾಗ ಅದು ಅಂಗೈಗೆ ಚುಚ್ಚುತ್ತಿತ್ತು.

ಎಣ್ಣೆ ಯಾವುದು ಅನ್ನುವುದು ಮುಖ್ಯ. ನಂಬರ್ 7ಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಕೆಟ್ಟಿದ್ದೆ. ಕೊಬ್ಬರಿ ಎಣ್ಣೆ ಎಷ್ಟು ದಿನ ಇಟ್ಟರೂ ಎಣ್ಣೆಯಾಗಿಯೇ ಇರುತ್ತದೆ, ಮರದಲ್ಲಿ ಗಟ್ಟಿಯಾಗುವುದಿಲ್ಲ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಮರದ ಒಳಗೇ ಗಟ್ಟಿ ಪದರ ಆಗುತ್ತದೆ. ಧಾರವಾಡದ ಗೆಳೆಯ ಗಾಣದ ಅಗಸೆ ಎಣ್ಣೆ ಕಳಿಸಿದ, ಅವರಲ್ಲಿ ಅಗಸಿ ಹಿಂಡಿ ಇಲ್ಲದೆ ಊಟ ಇಲ್ಲ ಅಲ್ವಾ, ಎಣ್ಣೆಯೂ ಸಿಗುತ್ತದೆ. ಒಂದು ಉದ್ದ ಲೋಟದಲ್ಲಿ ಎಣ್ಣೆ ಹಾಕಿ, ಅಲಗು ತೆರೆದು, ಹಿಡಿಯನ್ನು ಅಣಸಿನ ತನಕ ಮುಳುಗಿಸಿ ಒಂದು ರಾತ್ರಿ ಇಟ್ಟೆ. ಮೊದಲ ಒಂದು ಗಂಟೆ ಸೀಳಿನಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳುತ್ತಲೇ ಇತ್ತು. ಮರದೊಳಗಿನ ಗಾಳಿ ಹೊರಗೆ ಬಂದು ಎಣ್ಣೆ ಒಳಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ, ನೋಡುತ್ತಾ ಕೂತುಬಿಟ್ಟೆ. ಬೆಳಿಗ್ಗೆ ತೆಗೆದು ಸೀಳಿನೊಳಗೆ ಬಟ್ಟೆ ಚೂರು ತೂರಿಸಿ ಉಳಿದ ಎಣ್ಣೆ ಒರೆಸಿದೆ. ಹತ್ತು ದಿನ ಅಂಗಳದ ಬಿಸಿಲು, ರಾತ್ರಿ ಬಚ್ಚಲೊಲೆಯ ಮೇಲಿನ ತಟ್ಟಿ. ನಡುವೆ ಮೂರು ಸಲ ತೆಳುವಾಗಿ ಮತ್ತೆ ಎಣ್ಣೆ.

ಒರೆಸಿದ ಬಟ್ಟೆಯ ವಿಷಯ ದಯವಿಟ್ಟು ಗಮನಿಸಿ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗ ಹುಟ್ಟುವ ಶಾಖ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ ಇಡಿ. ಅಡಿಕೆ ಸಿಪ್ಪೆ, ದರಕು ತುಂಬಿದ ಕೊಟ್ಟಿಗೆ ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಈಗ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ, ಅಲಗಿಗೆ ಬಣ್ಣ ಕೊಡುವುದು. ಕಾರ್ಬನ್ ಉಕ್ಕು ಹಾಗೇ ಬಿಟ್ಟರೆ ಕೆಂಪು ತುಕ್ಕು ಹಿಡಿಯುತ್ತದೆ. ಅದಕ್ಕೆ ಮೊದಲೇ ತೆಳುವಾದ ಕಪ್ಪು ಪದರ ಕೂರಿಸಿದರೆ ತುಕ್ಕು ನಿಧಾನ ಆಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಬೇರೆ ಕಡೆ ವಿನೆಗರ್, ಸಾಸಿವೆ ಪೇಸ್ಟ್, ಗಟ್ಟಿ ಚಹಾ ಅಂತ ಏನೇನೋ ಬಳಸುತ್ತಾರೆ. ಚಹಾದಲ್ಲಿ ಕೆಲಸ ಮಾಡುವುದು ಅದರ ಒಗರು, ಅಂದರೆ ಟ್ಯಾನಿನ್. ಕಬ್ಬಿಣ ಮತ್ತು ಒಗರು ಸೇರಿದರೆ ಕಪ್ಪು. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಬಿದ್ದರೆ ಮಸಿ ಆಗುವುದು, ಬಾಳೆಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುವುದು ಎಲ್ಲ ಇದೇ. ಒಗರು ಬೇಕು ಅಂದರೆ ಅಡಿಕೆ ಬೆಳೆಯುವವರ ಮನೆಯಲ್ಲಿ ಚಹಾಪುಡಿ ಯಾಕೆ ಹುಡುಕಬೇಕು! ಹೋದ ಕೊಯ್ಲಿನ ಚೊಗರು ಕೊಟ್ಟಿಗೆಯ ಕೊಡದಲ್ಲಿ ಇನ್ನೂ ಇತ್ತು. ಹಸಿ ಅಡಿಕೆ ಬೇಯಿಸಿ ಬೇಯಿಸಿ ಉಳಿಯುವ ಆ ಗಾಢ ಕೆಂಪು ರಸಕ್ಕಿಂತ ಗಟ್ಟಿ ಒಗರು ಎಲ್ಲಿ ಸಿಗುತ್ತದೆ?

ಅಲಗನ್ನು ಸೋಪು ಹಾಕಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದೆ. ಬೆರಳಚ್ಚಿನಷ್ಟು ಜಿಡ್ಡು ಉಳಿದರೂ ಅಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಬಿಸಿ ವಿನೆಗರ್‌ನಲ್ಲಿ ಕಾಲು ಗಂಟೆ ಇಳಿಬಿಟ್ಟೆ, ಹಿಡಿಗೆ ತಾಗದ ಹಾಗೆ. ತೆಗೆದಾಗ ಅಲಗು ಮಂಕು ಬೂದಿ ಬಣ್ಣ. ತೊಳೆದು, ಎರಡು ಪಾಲು ಬಿಸಿನೀರಿಗೆ ಒಂದು ಪಾಲು ಚೊಗರು ಬೆರೆಸಿದ ಲೋಟದಲ್ಲಿ ಇಳಿಸಿದೆ. ಐದೇ ನಿಮಿಷಕ್ಕೆ ಅಲಗಿನ ಸುತ್ತ ಕೆಂಪು ನೀರು ಕಪ್ಪಾಗಲು ಶುರುವಾಯಿತು, ಹೊಗೆ ಎಳೆಎಳೆಯಾಗಿ ಇಳಿದಂತೆ. ಎರಡು ಗಂಟೆ ಬಿಟ್ಟು ತೆಗೆದಾಗ ಮೇಲೆ ಮಸಿಯಂತೆ ಲೋಳೆ ಕೂತಿತ್ತು. ನಲ್ಲಿ ಕೆಳಗೆ ಬೆರಳಿನಿಂದ ಒರೆಸಿದೆ. ಅದರ ಕೆಳಗೆ ಕಂಡ ಬಣ್ಣ ಇನ್ನೂ ಕಣ್ಣಲ್ಲಿದೆ. ಬರೀ ಕಪ್ಪಲ್ಲ. ಬೆನ್ನಿನ ಕಡೆ ಗಾಢ, ಬಾಯಿಯ ಕಡೆ ತಿಳಿ, ಬೆಳಕಿಗೆ ಓರೆ ಹಿಡಿದರೆ ಹಸಿರು ಛಾಯೆ. ಅಳಲೆಕಾಯಿಯದ್ದು ನೀಲಿಗಪ್ಪು ಕೊಡುತ್ತದೆ, ಅಡಿಕೆಯ ಒಗರು ಬೇರೆ ಜಾತಿ, ಹಸಿರುಗಪ್ಪು ಕೊಡುತ್ತದೆ. ಕಿರೀಟದ ಕೈ ಗುರುತು ಅದರ ನಡುವೆ ಮೊದಲಿಗಿಂತ ಚೆನ್ನಾಗಿ ಎದ್ದು ಕಂಡಿತು. ಇನ್ನೆರಡು ಸಲ ಅದೇ ಮಾಡಿ, ಕೊನೆಗೆ ಅಡಿಗೆ ಸೋಡಾ ನೀರಲ್ಲಿ ಅದ್ದಿ ಹುಳಿ ತೆಗೆದು, ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದೆ. ಉಕ್ಕಿಗೆ ಕೊಬ್ಬರಿ ಎಣ್ಣೆ ಒಳ್ಳೆಯದೇ, ತಿನ್ನುವ ವಸ್ತು ಕತ್ತರಿಸುವ ಅಲಗಿಗೆ ಬೇರೆ ಎಣ್ಣೆ ನನಗೆ ಇಷ್ಟ ಇಲ್ಲ.

ಮಸೆಯುವುದು ಬಣ್ಣದ ನಂತರ, ಯಾಕೆಂದರೆ ವಿನೆಗರ್ ಬಾಯಿಯನ್ನೂ ತಿಂದಿರುತ್ತದೆ. ನೀರು ಹಾಕಿ ಮಸೆಯುವ 1000 ನಂಬರಿನ ಕಲ್ಲು, ಆಮೇಲೆ ಇನ್ನೂ ನುಣುಪಾದ 3000ದ್ದು, ಕೊನೆಗೆ ಹಳೆಯ ಚರ್ಮದ ಬೆಲ್ಟ್. ಅಲಗು ತೆಳು ಇರುವುದರಿಂದ ಕಲ್ಲಿಗೆ ಸುಮಾರು ಹದಿನೈದು ಡಿಗ್ರಿ ಓರೆ ಸಾಕು. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ತರಿ ಸಿಗಬೇಕು, ಬುಡದಿಂದ ತುದಿಯ ತನಕ ಸಿಕ್ಕ ಮೇಲೆಯೇ ತಿರುಗಿಸಿ. ಅಡಿಕೆ ಹಾಳೆಯ ಅಂಚನ್ನು ಎಳೆ ಎಳೆಯಾಗಿ ಸಿಗಿದು ನೋಡಿದೆ, ಕಾಗದಕ್ಕಿಂತ ಅದು ಸರಿಯಾದ ಪರೀಕ್ಷೆ, ಮೊಂಡು ಚಾಕು ಹಾಳೆಯ ನಾರಿನ ಮೇಲೆ ಜಾರುತ್ತದೆ. ಬಳೆಯ ಒಳಗೆ, ಸೀಳಿನ ಒಳಗೆ ಬಿಸಿ ಮಾಡಿದ ಜೇನುಮೇಣ ಸವರಿ ಬಳೆ ಕೂರಿಸಿದೆ. ಮೇ ಕೊನೆಯ ವಾರಕ್ಕೆ ಕೆಲಸ ಮುಗಿಯಿತು.

ಮೊದಲ ಕೆಲಸ ಹಲಸಿನಕಾಯಿ. ಅಲಗಿಗೆ ಎಣ್ಣೆ ಸವರಿಕೊಂಡೇ ಇಳಿದರೂ ಹಲಸಿನ ಮೇಣ ಬಳೆಯ ಸಂದಿಗೆ ಹೋಗಿ ಅಂಟಿತು, ಬಟ್ಟೆಗೆ ಕೊಬ್ಬರಿ ಎಣ್ಣೆ ಹಾಕಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಹಲಸಿಗೆ ಮಡಚುವ ಚಾಕು ಬೇಡ, ಕತ್ತಿಯೇ ಸರಿ. ಮಾವಿನಕಾಯಿಗೆ ಮಾತ್ರ ಇದರಷ್ಟು ಒಳ್ಳೆಯದು ನನ್ನ ಹತ್ತಿರ ಇಲ್ಲ. ತೆಳು ಅಲಗು ಸಿಪ್ಪೆಯ ಕೆಳಗೆ ಹೋಗುವಾಗ ಕೈಗೆ ಏನೂ ತಡೆಯೇ ಸಿಗುವುದಿಲ್ಲ.

ಜೂನ್ ಮೂರನೇ ವಾರ ಮಳೆ ಗಟ್ಟಿಯಾಗಿ ಹಿಡಿಯಿತು. ಜಗಲಿಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ತೆರೆದೆ. ಬಿಗಿ ಆಗಿತ್ತು, ಆದರೆ ಉಗುರಿಗೆ ಬಂತು. ಜುಲೈಯಲ್ಲಿ ಒಂದು ಇಡೀ ದಿನ ಕಂಬಳಿಕೊಪ್ಪೆಯ ಒಳಗೆ ಒದ್ದೆ ಅಂಗಿಯ ಜೇಬಿನಲ್ಲಿ ಇತ್ತು, ಸಂಜೆ ಇನ್ನೂ ಬಿಗಿ, ಆದರೂ ಕುಟ್ಟಬೇಕಾಗಿ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ. ಒಂದು ತೊಂದರೆ ಮಾತ್ರ ಬಂತು. ಬಳೆಯ ಕೆಳಗೆ, ಚೊಗರು ತಲುಪದ ಅಲಗಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ತುಕ್ಕು. ಉಕ್ಕಿನ ನಾರಿನಿಂದ ಉಜ್ಜಿ ತೆಗೆದೆ. ಈಗ ವಾರಕ್ಕೊಮ್ಮೆ ಬಳೆ ತಿರುಗಿಸಿ ಸಂದಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ, ಮತ್ತೆ ಬಂದಿಲ್ಲ.

ಜುಲೈಯಲ್ಲೇ ಉಪ್ಪಿನಕಾಯಿಯ ಮಾವು ಅಪ್ಪೆಮಿಡಿಗೆ ಕಸಿ ಕಟ್ಟುವ ಕೆಲಸ ಇತ್ತು. ಕಸಿಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಇಳಿಸಬೇಕು, ಒಂದೊಂದು ಬದಿಗೆ ಒಂದೇ ಎಳೆತ, ನಡುವೆ ನಿಂತರೆ ಏಣು ಬೀಳುತ್ತದೆ, ಏಣು ಬಿದ್ದರೆ ಕಸಿ ಕೂಡುವುದಿಲ್ಲ. ಅಪ್ಪಯ್ಯ ತಮ್ಮ ಕಸಿ ಚಾಕುವಿನಲ್ಲಿ ಮಾಡುತ್ತಿದ್ದರು. ನಾನು ಒಪಿನೆಲ್‌ನಲ್ಲಿ ಒಂದು ಕಡ್ಡಿ ಇಳಿಸಿ ಕೊಟ್ಟೆ. ಬೆಣೆಯನ್ನು ಬೆಳಕಿಗೆ ಹಿಡಿದು ನೋಡಿದರು, ಕತ್ತರಿಸಿದ ಮೈ ಒದ್ದೆ ಗಾಜಿನ ಹಾಗೆ ಹೊಳೆಯುತ್ತಿತ್ತು. "ಎಲ್ಲಿ, ಅದನ್ನ ಇಲ್ಲಿಡು" ಅಂದರು. ಕಲ್ಲಿನ ಮೇಲೆ ಇಟ್ಟೆ, ಎತ್ತಿಕೊಂಡರು. ಆ ದಿನದ ಉಳಿದ ಮೂವತ್ತು ಕಡ್ಡಿ ಅವರೇ ಇಳಿಸಿದರು. ಸಂಜೆ ಮನೆಗೆ ಬಂದು ಒರೆಸಿ, ಎಣ್ಣೆ ಹಚ್ಚಿ, ತಮ್ಮ ಎಲೆಅಡಿಕೆ ತಟ್ಟೆಯಲ್ಲಿ ಅಡಕೊತ್ತಿನ ಪಕ್ಕ ಇಟ್ಟುಕೊಂಡರು.

ಅದು ಈಗಲೂ ಅಲ್ಲೇ ಇದೆ. ಬೇಕಾದಾಗ ಕೇಳಿ ತಗೊಳ್ಳುತ್ತೇನೆ. ನಂಬರ್ 7 ಅನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದೇನೆ, ಕಿತ್ತುಹೋದ ಅಂಚಿಗೆ ಬೀಟೆಯ ಚೂರು ಕೂರಿಸಿ ಅಂಟಿಸಿದ್ದಾಯಿತು. ಎಣ್ಣೆಯಲ್ಲಿ ಮುಳುಗಿಸುವುದು ಬಾಕಿ, ಬಿಸಿಲು ಬರಲಿ ಅಂತ ಕಾಯುತ್ತಿದ್ದೇನೆ.